ಗೇಟು ಎಲ್ಲಿದೆ ಸ್ವಾಮಿ?

ನೇಗಿಲು ಕಟ್ಟಿದ ಎತ್ತುಗಳನ್ನು ನಾಲ್ಕು ದಿಕ್ಕಿಗೂ ಓಡಿಸಿ ಪೇಟೆಯ ಬೀದಿಗಳನ್ನು ಗುರುತು ಮಾಡಿಸಿದರು ಕೆಂಪೇಗೌಡರು ಎಂಬುದು ಪ್ರತೀತಿ. ದಿಕ್ಕಿನ ವಿಷಯದಲ್ಲಿ ಅಷ್ಟು ಖಚಿತವಾಗಿದ್ದವರ ಹೆಸರನ್ನು ನಾವು ಬೆಂಗಳೂರಿನವರು, ಜನ ದಿಕ್ಕು ತಪ್ಪುವ ಜಾಗಗಳಿಗೇ ಹುಡುಕಿ ಹುಡುಕಿ ಇಟ್ಟಿದ್ದೇವೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ, ಅಲ್ಲಿಯದೇ ಮೆಟ್ರೊ, 2013ರಿಂದ ದೇವನಹಳ್ಳಿಯ ವಿಮಾನ ನಿಲ್ದಾಣ.

ಮೆಜೆಸ್ಟಿಕ್ಕಿನಲ್ಲಿ ದಾರಿ ತಪ್ಪಿದರೆ ಭಯವಿಲ್ಲ. ‘ಮೈಸೂರಿನ ಬಸ್ ಎಲ್ಲಿ?’ ಎಂದು ಗಾಳಿಯನ್ನು ಕೇಳಿದರೂ ಸಾಕು, ಕಡಲೆಕಾಯಿ ಮಾರುವವರು, ಕಂಡಕ್ಟರು, ಯಾವ ಬಸ್ಸಿಗೂ ಕಾಯದೆ ಸುಮ್ಮನೆ ನಿಂತವರು ಎಲ್ಲರೂ ಬಾಯಿ ಹಾಕುತ್ತಾರೆ. ‘ಇಲ್ಲಿಗೇಕೆ ಬಂದಿರಿ, ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಬೇಕಿತ್ತು’ ಎಂದು ಗದರುವ ಪುಣ್ಯಾತ್ಮರೂ ಇರುತ್ತಾರೆ. ಆ ಗದರಿಕೆಯ ಬೆಲೆ ತಿಳಿಯುವುದು ವಿಮಾನ ನಿಲ್ದಾಣಗಳಲ್ಲಿ. ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರಾದ್ದರಿಂದ ಕಳುಹಿಸಲು ಬಂದ ಮಗನೋ ಅಳಿಯನೋ ಅಲ್ಲಿಗೇ ನಿಂತ. ಒಳಗಿರುವವರು ನಮ್ಮಷ್ಟೇ ಕಂಗಾಲು. ಆದರೆ ದಿನಾ ಹಾರುವವರ ಮುಖ ಹೊತ್ತುಕೊಂಡು ಸರಸರನೆ ನಡೆಯುತ್ತಾರೆ. ತಡೆದು ಕೇಳಲು ನಾಲಿಗೆ ಏಳುವುದಿಲ್ಲ.

ಉಳಿದದ್ದು ಫಲಕಗಳು. ಅವು ಸುಳ್ಳು ಹೇಳುವುದಿಲ್ಲ, ಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುತ್ತವೆ, ಅಷ್ಟೆ. ಕವಲು ಕವಲಿಗೂ ಕಾಣಿಸಿಕೊಂಡ ಗೇಟಿನ ಸಂಖ್ಯೆ ಕೊನೆಯ ಕವಲಿನಲ್ಲಿ ಮಾಯ. ಮೇಲ್ಮುಖದ ಬಾಣ ‘ನೇರ ಹೋಗು’ ಎನ್ನುತ್ತಿದೆಯೋ ‘ಮಹಡಿ ಹತ್ತು’ ಎನ್ನುತ್ತಿದೆಯೋ ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಮೊದಲಾದರೆ ಧ್ವನಿವರ್ಧಕವಾದರೂ ಹೆಸರು ಹಿಡಿದು ಕೂಗುತ್ತಿತ್ತು. ಈಗ ಅನೇಕ ನಿಲ್ದಾಣಗಳು ಮೌನವ್ರತ ಹಿಡಿದಿವೆ.

ವಿದೇಶಕ್ಕೆ ಹೊರಟವರ ಪಾಡು ಇನ್ನೂ ಚೆನ್ನ. ತಪಾಸಣೆ ಮುಗಿಸಿ, ಬೆಲ್ಟು ಬಿಗಿದುಕೊಳ್ಳುತ್ತ ಬಂದರೆ ಮುಂದೆ ಸುಗಂಧದ್ರವ್ಯ, ಚಾಕೊಲೇಟು, ಮದ್ಯದ ಬಾಟಲಿಗಳ ನಡುವೆ ಬಳುಕಿಕೊಂಡು ಹೋಗುವ ಹಾದಿ. ಕಟ್ಟಿದವರಿಗೆ ನೇರ ಗೆರೆ ಎಳೆಯಲು ಬಾರದೆ ಹೀಗಾದದ್ದಲ್ಲ. ನಿಲ್ದಾಣಗಳ ವರಮಾನದಲ್ಲಿ ಅಂಗಡಿಗಳದು ದೊಡ್ಡ ಪಾಲು. ನೆಟ್ಟಗೆ ಗೇಟಿಗೆ ಹೋಗುವ ಪ್ರಯಾಣಿಕನಿಂದ ಅವರಿಗೇನು ಲಾಭ?

ಇದಕ್ಕೆಲ್ಲ ಮದ್ದು ಕಂಡುಹಿಡಿದವರು ಅಮೆರಿಕದ ಮಕ್ಕಳ ಮನೆಗೆ ಬಾಣಂತನಕ್ಕೆಂದು ಹೊರಡುವ ನಮ್ಮ ಹಿರಿಯರು. ಅವರು ವೀಲ್‌ಚೇರ್ ಕೇಳುತ್ತಾರೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಲಾಲ್‌ಬಾಗಿನಲ್ಲಿ ನನ್ನನ್ನು ಹಿಂದೆ ಹಾಕಿ ನಡೆಯುವವರು. ಅವರೂ ವೀಲ್‌ಚೇರ್ ಹೇಳಿದ್ದಾರೆಂದು ತಿಳಿದು ಗಾಬರಿಯಾಯಿತು.

‘ಕಾಲಿಗೇನಾಯಿತು ಮೇಷ್ಟ್ರೇ?’

‘ಕಾಲಿಗೇನೂ ಆಗಿಲ್ಲಪ್ಪ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಬೇಕು. ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ರೈಲು ಹತ್ತಬೇಕಂತೆ. ಕುರ್ಚಿ ಯಾರಿಗೆ ಬೇಕು, ಅದನ್ನು ತಳ್ಳುವವನು ಬೇಕು.’

ನಿಜವಾಗಿ ನಡೆಯಲಾಗದವರಿಗೆ ಇದರಿಂದ ಕುರ್ಚಿ ತಡವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮೇಷ್ಟ್ರನ್ನು ಬೈಯುವ ಮೊದಲು, ಕೇಳಿದ್ದಕ್ಕೆ ಉತ್ತರ ಹೇಳುವ ಒಬ್ಬ ಮನುಷ್ಯನನ್ನು ಕವಲಿಗೊಬ್ಬರಂತೆ ನಿಲ್ಲಿಸಿ ನೋಡಬಹುದಿತ್ತು.

ಅವರ ಹೆಂಡತಿಗೆ ಮಾತ್ರ ನಾಚಿಕೆ. ತಮಗೂ ಒಂದು ಕುರ್ಚಿ ಬಂದಿದ್ದರೂ ಕೂರಲಿಲ್ಲವಂತೆ. ಚಟ್ನಿಪುಡಿ, ಹಪ್ಪಳದ ಚೀಲಗಳನ್ನು ಅದರಲ್ಲಿ ಕೂರಿಸಿ, ಪಕ್ಕದಲ್ಲಿ ನಡೆದೇ ಹೋದರಂತೆ.