ಕೆಡವುವ ಮೊದಲು ತಾರಸಿ ಹತ್ತಿ ನೋಡಿ

"ದುರಸ್ತಿ ಖರ್ಚು ಹೊಸ ಕಟ್ಟಡದ ಅರ್ಧ ದಾಟಿದರೆ ಪುರಸಭೆ ಕಚೇರಿಯನ್ನು ಬೇರೆಡೆಗೆ ಸಾಗಿಸುವುದೇ ಲಾಭ" ಅನ್ನುವ ಲೇಖನದ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಜಾಗದ ಬೆಲೆ, ಕಡತ ಸಾಗಿಸುವ ಖರ್ಚು, ಹೊಸ ಕಟ್ಟಡ ಏಳುವವರೆಗಿನ ಬಾಡಿಗೆ ಇದರಲ್ಲಿ ಸೇರಿವೆಯಾ? ಜನನ ಪ್ರಮಾಣಪತ್ರಕ್ಕೆ ಮಗುವನ್ನು ಎತ್ತಿಕೊಂಡು ಊರಾಚೆ ಹೋಗಬೇಕಾದ ತಾಯಿಯ ದಾರಿಖರ್ಚು?

ನಾನು ಇಂಥ ಕಟ್ಟಡಗಳ ದುರಸ್ತಿ ಕೆಲಸ ಮಾಡಿದವನು. ಗಾರೆ ಉದುರಿ ಕೆಂಪಾದ ಕಂಬಿ ಕಂಡ ಕೂಡಲೇ "ಕೆಡವಿಬಿಡಿ" ಅನ್ನುತ್ತಾರೆ. ಒಂದು ಕಚೇರಿಯಲ್ಲಿ ಮೂಲ ಹುಡುಕಿದಾಗ ಸಿಕ್ಕಿದ್ದು ತಾರಸಿಯ ನೀರಿನ ಪೈಪಿನಲ್ಲಿ ಗಟ್ಟಿಯಾಗಿ ಕೂತಿದ್ದ ಎಲೆ, ಕೆಸರು. ವರ್ಷಗಟ್ಟಲೆ ಅಲ್ಲೇ ನೀರು ನಿಂತು, ಒಳಗೆ ಸೋರಿ, ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಹಿಡಿದಿತ್ತು. ತುಕ್ಕು ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಹಿಡಿಯುತ್ತದೆ, ಅದಕ್ಕೇ ಕಾಂಕ್ರೀಟ್ ಒಳಗಿಂದ ಸಿಡಿಯುತ್ತದೆ. ಸೋರಿಕೆ ನಿಲ್ಲಿಸಿ, ಕಂಬಿ ಉಜ್ಜಿ, ಆ ಭಾಗಕ್ಕಷ್ಟೇ ಹೊಸ ಕಾಂಕ್ರೀಟ್ ಹಾಕಿದೆವು. ಕಟ್ಟಡ ಉಳಿಯಿತು.

ಅಡಿಪಾಯವೇ ಕುಸಿಯುತ್ತಿದ್ದರೆ, ಪದೇ ಪದೇ ನೆರೆ ನುಗ್ಗುವ ಜಾಗವಾದರೆ ಹೋಗಲೇಬೇಕು. ಅದು ಬೇರೆ ಮಾತು. ಆದರೆ ಕಾಂಕ್ರೀಟಿನ ತುಂಡು ಕೊರೆದು ಬಲ ಪರೀಕ್ಷಿಸದೆ, ಕಂಬಿ ಎಷ್ಟು ಸವೆದಿದೆ ಅಂತ ಅಳೆಯದೆ ಸುಮ್ನೆ ಸ್ಥಳಾಂತರದ ಠರಾವು ಮಾಡುವುದು ತಪ್ಪು. ಆ ಪರೀಕ್ಷಾ ವರದಿಯನ್ನು ಮೊದಲು ಜನರ ಮುಂದಿಡಬೇಕು, ಅಲ್ವಾ?