ಜಪಾನಿನ ಅರಮನೆಯ ಲೆಕ್ಕ ತಪ್ಪಿದ್ದೆಲ್ಲಿ?

ಜಪಾನಿನ ಚಕ್ರವರ್ತಿ ನರುಹಿತೊ ಅವರಿಗೆ ಒಬ್ಬಳೇ ಮಗಳು, ಐಕೊ. 2001ರ ಡಿಸೆಂಬರ್ 1ರಂದು ಹುಟ್ಟಿದವರು. 2024ರಲ್ಲಿ ಗಾಕುಶುಯಿನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ರೆಡ್ ಕ್ರಾಸ್‌ನಲ್ಲಿ ಕೆಲಸಕ್ಕೆ ಸೇರಿದರು. ಅದೇ ವರ್ಷ ಕ್ಯೋಡೊ ಸುದ್ದಿಸಂಸ್ಥೆಯ ಸಮೀಕ್ಷೆಯಲ್ಲಿ ಶೇ. 90ರಷ್ಟು ಜನ ಹೆಣ್ಣು ಪಟ್ಟಕ್ಕೆ ಬರಲಿ ಅಂದರು. ಆದರೂ ಅವರಿಗೆ ಪಟ್ಟವಿಲ್ಲ. ಯಾಕೆಂದು ಕೇಳಿದರೆ ‘ಸಂಪ್ರದಾಯ’ ಅನ್ನುತ್ತಾರೆ.

ಅದು ಅರ್ಧ ಸತ್ಯ. ಹಿಂದೆ ಎಂಟು ಹೆಂಗಸರು ಪಟ್ಟವೇರಿದ್ದಾರೆ, ಅವರಲ್ಲಿ ಇಬ್ಬರು ಎರಡೆರಡು ಸಲ. ಕೊನೆಯವರು ಗೊ-ಸಕುರಮಾಚಿ, ಆಳಿದ್ದು 1771ರವರೆಗೆ. ಹೆಂಗಸರಿಗೆ ಬಾಗಿಲು ಮುಚ್ಚಿದ್ದು 1889ರ ಕಾನೂನು. ಹೌದು, ತಾಯಿಯ ಕಡೆಯಿಂದ ವಂಶ ಎಣಿಸಿದ್ದು ಮಾತ್ರ ಎಂದೂ ಇಲ್ಲ. ಹೆಣ್ಣು ಆಳುವುದು ಬೇರೆ, ಹೆಣ್ಣಿನಿಂದ ವಂಶ ಬೆಳೆಯುವುದು ಬೇರೆ. ವಾದ ಮಾಡುವವರು ಇವೆರಡನ್ನೂ ಕಲಸಿಬಿಡುತ್ತಾರೆ.

ಹಾಗಾದರೆ ಗಂಡು ಸಂತಾನದ ಸಾಲು ಇಷ್ಟು ಶತಮಾನ ಕಡಿಯದೆ ಉಳಿದದ್ದು ಹೇಗೆ? ಎರಡು ಆಸರೆಗಳಿದ್ದವು. ಒಂದು, ಉಪಪತ್ನಿಯರು. ಮೇಜಿ ಚಕ್ರವರ್ತಿಯ ಪಟ್ಟದರಾಣಿಗೆ ಮಕ್ಕಳೇ ಇರಲಿಲ್ಲ. ಹುಟ್ಟಿದ ಹದಿನೈದು ಮಕ್ಕಳೂ ಉಪಪತ್ನಿಯರವು. ಅವರಲ್ಲಿ ಬದುಕಿ ಬೆಳೆದ ಗಂಡು ಒಬ್ಬನೇ, ಮುಂದೆ ತೈಶೊ ಚಕ್ರವರ್ತಿಯಾದವನು. ಇನ್ನೊಂದು, ಹೊತ್ತಿಗೆ ಬೇಕಾದಾಗ ಗಂಡು ಒದಗಿಸುವ ಕವಲು ಮನೆತನಗಳು.

1947ರಲ್ಲಿ ಎರಡೂ ಕಳಚಿದವು. ಹೊಸ ಕಾನೂನು ಮದುವೆಯಲ್ಲಿ ಹುಟ್ಟಿದವರಿಗೆ ಮಾತ್ರ ಹಕ್ಕು ಕೊಟ್ಟಿತು, 1889ರ ದತ್ತು ನಿಷೇಧವನ್ನು ಮುಂದುವರಿಸಿತು. ಆ ಅಕ್ಟೋಬರ್‌ನಲ್ಲಿ ಹನ್ನೊಂದು ಕವಲುಗಳ 51 ಜನ ರಾಜಪದವಿ ಬಿಟ್ಟು ಸಾಮಾನ್ಯ ಪ್ರಜೆಗಳಾದರು. ಆದರೆ ‘ಗಂಡಿನಿಂದ ಗಂಡಿಗೆ’ ಅನ್ನುವ ಮೊದಲ ಕಲಮು ಹಾಗೇ ಉಳಿಯಿತು. ನನ್ನ ಪ್ರಕಾರ ಎಡವಟ್ಟಾದದ್ದು ಇಲ್ಲೇ. ಆಸರೆ ತೆಗೆದ ಮೇಲೆ ಭಾರವೆಲ್ಲ ಬಿದ್ದದ್ದು ಸೊಸೆಯಂದಿರ ಮೇಲೆ.

ನರುಹಿತೊ ಅವರ ಪತ್ನಿ ಮಸಾಕೊ ಅವರನ್ನೇ ನೋಡಿ. ಹಾರ್ವರ್ಡ್‌ನಲ್ಲಿ ಓದಿ ವಿದೇಶಾಂಗ ಇಲಾಖೆಯಲ್ಲಿದ್ದವರು. 1993ರಲ್ಲಿ ಮದುವೆ, 1999ರಲ್ಲಿ ಗರ್ಭಸ್ರಾವ, 2001ರಲ್ಲಿ ಐಕೊ. 2004ರ ಮೇ ತಿಂಗಳಲ್ಲಿ ನರುಹಿತೊ ಪತ್ರಕರ್ತರೆದುರು, ತಮ್ಮ ಪತ್ನಿಯ ವೃತ್ತಿಜೀವನವನ್ನೂ ವ್ಯಕ್ತಿತ್ವವನ್ನೂ ಅಲ್ಲಗಳೆಯುವ ಪ್ರಯತ್ನ ನಡೆದಿತ್ತು ಎಂದರು. ಆ ಮನೆತನದಲ್ಲಿ ಇಂಥ ಮಾತು ಯಾರೂ ನಿರೀಕ್ಷಿಸದ್ದು. ಜುಲೈನಲ್ಲಿ ಮಸಾಕೊ ಅವರಿಗೆ ಒತ್ತಡದಿಂದ ಮಾನಸಿಕ ಅಸ್ವಸ್ಥತೆಯಾಗಿದೆ ಎಂದು ಅರಮನೆಯೇ ಪ್ರಕಟಿಸಿತು.

2005ರಲ್ಲಿ ಪ್ರಧಾನಿ ಕೊಯಿಜುಮಿ ನೇಮಿಸಿದ್ದ ಸಮಿತಿ, ಹೆಣ್ಣಾಗಲಿ ಗಂಡಾಗಲಿ ಮೊದಲ ಮಗುವಿಗೇ ಪಟ್ಟ ಇರಲಿ ಅಂದಿತು. ಮುಂದಿನ ಫೆಬ್ರವರಿಯಲ್ಲಿ ನರುಹಿತೊ ಅವರ ತಮ್ಮನ ಹೆಂಡತಿ ಕಿಕೊ ಗರ್ಭಿಣಿ ಎಂಬ ಸುದ್ದಿ ಬಂದದ್ದೇ ತಡ, ಕಡತ ಮೂಲೆ ಸೇರಿತು. ಸೆಪ್ಟೆಂಬರ್ 6ರಂದು ಹಿಸಹಿತೊ ಹುಟ್ಟಿದ. ಆ ಮನೆತನದಲ್ಲಿ 41 ವರ್ಷಕ್ಕೆ ಹುಟ್ಟಿದ ಮೊದಲ ಗಂಡು. ಈಗ ಪಟ್ಟದ ಸರದಿಯಲ್ಲಿ ಮೂವರೇ: ಚಕ್ರವರ್ತಿಯ ತಮ್ಮ ಅಕಿಶಿನೊ, ಅವರ ಮಗ ಹಿಸಹಿತೊ, 1935ರಲ್ಲಿ ಹುಟ್ಟಿದ, ಚಕ್ರವರ್ತಿಯ ಚಿಕ್ಕಪ್ಪ ಹಿತಾಚಿ. ಅಂದರೆ ಎಲ್ಲವೂ ನಿಂತಿರುವುದು ಇನ್ನೂ ಮದುವೆಯಾಗದ ಒಬ್ಬ ಹುಡುಗನ ಮೇಲೆ. ಅವನನ್ನು ಮದುವೆಯಾಗುವ ಹುಡುಗಿಗೆ ಕಾದಿರುವುದೂ ಮಸಾಕೊ ಅವರಿಗೆ ಬಂದ ಒತ್ತಡವೇ.

ನಮ್ಮ ಮೈಸೂರು ಅರಮನೆ ಇದನ್ನು ಬಗೆಹರಿಸಿದ ರೀತಿ ಗೊತ್ತಲ್ಲ. 2015ರಲ್ಲಿ ಪ್ರಮೋದಾದೇವಿಯವರು ದತ್ತು ತೆಗೆದುಕೊಂಡ ಯದುವೀರ್, ಜಯಚಾಮರಾಜ ಒಡೆಯರ್ ಅವರ ಮಗಳ ಕಡೆಯ ಮರಿಮಗ. ದತ್ತು, ಹೆಣ್ಣಿನ ಕಡೆಯ ಸಂಬಂಧ: ಟೋಕಿಯೊದಲ್ಲಿ ಎರಡಕ್ಕೂ ಅವಕಾಶವಿಲ್ಲ.

2021ರ ಇನ್ನೊಂದು ಸಮಿತಿ ಎರಡು ದಾರಿ ಸೂಚಿಸಿತು. ಹಳೆಯ ಕವಲುಗಳ ಗಂಡಸರನ್ನು ದತ್ತು ತೆಗೆದುಕೊಳ್ಳುವುದು ಒಂದು. ಅವರಿಗೂ ಈಗಿನ ಚಕ್ರವರ್ತಿಗೂ ಗಂಡು ಸಾಲಿನ ಸಮಾನ ಪೂರ್ವಜ ಸಿಗುವುದು ಸುಮಾರು 600 ವರ್ಷದ ಹಿಂದೆ. ಇದನ್ನು ಹತ್ತಿರದ ರಕ್ತಸಂಬಂಧ ಎಂದು, ಸ್ವಂತ ಮಗಳನ್ನು ದೂರ ಎಂದು ಒಪ್ಪುವುದು ನನಗಂತೂ ಕಷ್ಟ.

ಇನ್ನೊಂದು, ಮದುವೆಯಾದ ಮೇಲೂ ರಾಜಕುಮಾರಿಯರನ್ನು ಮನೆತನದಲ್ಲೇ ಉಳಿಸಿಕೊಳ್ಳುವುದು. ಈಗ ಹೊರಗಿನವರನ್ನು ಮದುವೆಯಾದರೆ ಪದವಿ ಹೋಗುತ್ತದೆ. 2021ರಲ್ಲಿ ಮದುವೆಯಾದ ಅಕಿಶಿನೊ ಅವರ ಮಗಳು ಮಾಕೊ, ಸರ್ಕಾರ ಕೊಡುವ ದೊಡ್ಡ ಮೊತ್ತವನ್ನೂ ಬೇಡವೆಂದು ನ್ಯೂಯಾರ್ಕಿಗೆ ಹೋದರು. ಆದರೆ ಹೀಗೆ ಉಳಿಯುವ ರಾಜಕುಮಾರಿಯರ ಗಂಡ, ಮಕ್ಕಳಿಗೆ ರಾಜಪದವಿ ಬೇಡ ಅನ್ನುವವರು ಬಹಳ ಜನ. ಹಾಗಾದರೆ ಹೆಂಡತಿಗೆ, ಅರಮನೆಯ ಎಲ್ಲರಂತೆ, ಕುಲನಾಮವೂ (ಸರ್‌ನೇಮ್) ಇಲ್ಲ, ಮತದಾನದ ಹಕ್ಕೂ ಇಲ್ಲ. ಗಂಡನಿಗೆ ಎರಡೂ ಉಂಟು. ಆ ಗಂಡ ಚುನಾವಣೆಗೆ ನಿಂತರೆ, ಕಂಪನಿ ನಡೆಸಿದರೆ ತಡೆಯುವವರು ಯಾರು? ಸಂಸತ್ತಿನ ಪಕ್ಷಗಳು ಮೊದಲು ಇದಕ್ಕೆ ಉತ್ತರ ಹೇಳಲಿ.