ಕಾರ್ಡಿನಲ್ಲಿ ಇಲ್ಲದ ವಾಕ್ಯ

ದೇವರು ಇವತ್ತೂ ಮಾತಾಡುತ್ತಾರೆ. ಇದನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಹೇಗೆ ಮಾತಾಡುತ್ತಾರೆ ಅನ್ನುವ ವಿಷಯ ನಮ್ಮ ಮನೆಗೆ ತುಂಬಾ ನೋವು ಕೊಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಕಿಡ್ನಿ ಕಾಯಿಲೆ ಜಾಸ್ತಿಯಾಗಿತ್ತು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಎಂದಿನಂತೆ ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳನ್ನು ತಂದರು. ಒಂದೊಂದರಲ್ಲೂ ಸತ್ಯವೇದದ (ಬೈಬಲಿನ) ಒಂದು ವಾಕ್ಯ ಇರುತ್ತದೆ, ಕೈಗೆ ಬಂದದ್ದೇ ಹೊಸ ವರ್ಷಕ್ಕೆ ದೇವರು ಕೊಟ್ಟ ಮಾತು ಅಂದುಕೊಳ್ಳುತ್ತೇವೆ. ಅಮ್ಮ ಕಣ್ಣು ಮುಚ್ಚಿ ಒಂದನ್ನು ತೆಗೆದಳು. ಯೆರೆಮೀಯ ಪ್ರವಾದಿಯ ಗ್ರಂಥದ 29ನೇ ಅಧ್ಯಾಯ, 11ನೇ ವಾಕ್ಯ. ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ಮಾತು. ಅಮ್ಮ ಅಲ್ಲೇ ಅತ್ತುಬಿಟ್ಟಳು.

ಒಂದು ತಿಂಗಳು ಕಳೆದು ಪ್ರಾರ್ಥನಾ ಕೂಟವೊಂದರಲ್ಲಿ ಪ್ರಸಂಗಿಯೊಬ್ಬರು ಅಪ್ಪನ ತಲೆ ಮೇಲೆ ಕೈಯಿಟ್ಟು, "ಈ ವರ್ಷದೊಳಗೆ ನೀವು ಗುಣವಾಗುತ್ತೀರಿ, ಕರ್ತನೇ ನನಗೆ ಹೇಳಿದ್ದಾನೆ" ಅಂದರು. ಅಪ್ಪ ಆಗಸ್ಟ್‌ನಲ್ಲಿ ತೀರಿಕೊಂಡರು. ಅಮ್ಮ ಹೋಗಿ ಕೇಳಿದಾಗ ಬಂದ ಉತ್ತರ, ನಿಮ್ಮ ಮನೆಯವರ ನಂಬಿಕೆ ಸಾಲಲಿಲ್ಲ. ಆ ಮಾತು ಅಮ್ಮನನ್ನು ತಿಂದುಹಾಕಿತು. ರಾತ್ರಿ ಎದ್ದು ಕೂತು, "ನಾನು ಯಾವಾಗ ಅನುಮಾನಪಟ್ಟೆ?" ಎಂದು ನನ್ನನ್ನು ಕೇಳುತ್ತಿದ್ದಳು.

ನಮ್ಮ ಸಭೆಯ ಅಯ್ಯನವರು, ಅಂದರೆ ಪಾಸ್ಟರು, ಒಂದು ಸಂಜೆ ಮನೆಗೆ ಬಂದರು. ಉಪದೇಶ ಮಾಡಲಿಲ್ಲ. ಅಮ್ಮನ ಸತ್ಯವೇದ ತರಿಸಿ, ಆ ಅಧ್ಯಾಯವನ್ನು ಮೊದಲಿನಿಂದ ಓದಿಸಿದರು.

ಅದೊಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಯೆರೆಮೀಯ ಬರೆದದ್ದು. ಕಾರ್ಡಿನ ವಾಕ್ಯಕ್ಕಿಂತ ಒಂದು ವಾಕ್ಯ ಹಿಂದೆ ದೇವರು 70 ವರ್ಷ ಅನ್ನುತ್ತಾರೆ. 70! ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ಕಾಣದೆ ಅಲ್ಲೇ ಮಣ್ಣಾಗಬೇಕಿತ್ತು. ಹಿತದ ಮಾತನ್ನು ದೇವರು ಹೇಳಿದ್ದು ಅವರಿಗೇ. ಅದಕ್ಕೂ ಮೊದಲಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ, ಯೆಹೋವನೇ ಹೇಳಿದ್ದಾನೆ ಎಂದು ಆಲಯದಲ್ಲಿ ಎಲ್ಲರ ಮುಂದೆ ಸಾರುತ್ತಾನೆ. ಯೆರೆಮೀಯ ಮೊದಲು "ಆಮೆನ್, ಹಾಗೇ ಆಗಲಿ" ಅನ್ನುತ್ತಾನೆ. ಅವನಿಗೂ ಅದೇ ಆಸೆ ಇರುತ್ತದಲ್ವಾ? ಆದರೆ ದೇವರು ಹನನ್ಯನನ್ನು ಕಳುಹಿಸಿರಲಿಲ್ಲ.

ಅಮ್ಮ ಓದುವುದನ್ನು ನಿಲ್ಲಿಸಿ, "ಹಾಗಾದರೆ ನಮ್ಮ ಮನೆಯವರ ನಂಬಿಕೆಯಲ್ಲಿ ಕೊರತೆ ಇರಲಿಲ್ಲ ಅಲ್ವಾ ಅಯ್ಯನವರೇ?" ಅಂದಳು. ಅವರು ಸುಮ್ನೆ ತಲೆಯಾಡಿಸಿದರು. ಕಣ್ಣು ಒದ್ದೆಯಾಗಿತ್ತು.

ಪವಿತ್ರಾತ್ಮ ಪ್ರೇರಣೆ ಕೊಡುವುದನ್ನು ನಾನು ಅಲ್ಲಗಳೆಯುವುದಿಲ್ಲ. ಯಾರಿಗೋ ಫೋನ್ ಮಾಡಬೇಕು ಅನ್ನಿಸಿ ಮಾಡಿದಾಗ, ಅವರು ಒಬ್ಬರೇ ಅಳುತ್ತಾ ಕೂತಿದ್ದದ್ದು ನನ್ನ ಅನುಭವದಲ್ಲೂ ಇದೆ. ಅಪೊಸ್ತಲನಾದ ಪೌಲ ಥೆಸಲೋನಿಕ ಪಟ್ಟಣದ ಸಭೆಯವರಿಗೆ ಪ್ರವಾದನೆಗಳನ್ನು ಹೀನೈಸಬೇಡಿ ಎಂದು ಬರೆದ. ಅದರ ಬೆನ್ನಿಗೇ ಎಲ್ಲವನ್ನೂ ಪರೀಕ್ಷಿಸಿ ಎಂದೂ ಬರೆದ. ಪರೀಕ್ಷಿಸಲು ಹೋದವರನ್ನು ನಾವು ಅಪನಂಬಿಗಸ್ತರು ಅನ್ನುತ್ತೇವೆ, ಅದು ತಪ್ಪು. ನಾನು ಕೇಳಿದ ದರ್ಶನಗಳೆಲ್ಲ ವೀಸಾ, ಕೆಲಸ, ಮನೆ, ಮದುವೆ ಬಗ್ಗೆಯೇ. ಆಸ್ತಿಯಲ್ಲಿ ತಂಗಿಗೂ ಪಾಲು ಕೊಡು ಎಂದು ದೇವರು ಹೇಳಿದ ದರ್ಶನವನ್ನು ಈವರೆಗೆ ಯಾರ ಬಾಯಲ್ಲೂ ಕೇಳಿಲ್ಲ.

ಬಳ್ಳಾರಿಯ ಮಿಷನರಿಗಳು ವರ್ಷಗಟ್ಟಲೆ ದುಡಿದು, 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದರು. ಇಡೀ ಪತ್ರ ನಮ್ಮ ಭಾಷೆಯಲ್ಲೇ ಕೈಯಲ್ಲಿದೆ. ಒಂದು ಸಾಲು ಕತ್ತರಿಸಿಕೊಂಡು ಉಳಿದದ್ದನ್ನು ಮಡಚಿಟ್ಟರೆ, ಬರೆದವರ ಮಾತು ಕೇಳಿಸುವುದು ಹೇಗೆ?

ಅದೇ ಅಧ್ಯಾಯದ ಐದನೆಯ ವಾಕ್ಯದಲ್ಲಿ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ ಎಂದಿದೆ. ಅಮ್ಮ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ. ಅಪ್ಪ ಹೋದ ಮೇಲೆ ಬಿದ್ದುಹೋಗಿದ್ದ ಬಸಳೆ ಚಪ್ಪರವನ್ನು ಆ ವಾರವೇ ಮತ್ತೆ ಕಟ್ಟಿಸಿದಳು. ನಿನ್ನೆ ಪಕ್ಕದ ಮನೆಗೂ ಒಂದು ಕಟ್ಟು ಕೊಟ್ಟು ಬಂದಳು.